ಟ್ರಾಲಿಯ ಹಿಂದಿನ ಕೆಂಪು ದೀಪ

ಗಾಡಿಗಳ ವೈರಿಂಗ್ ಕೆಲಸ ಕಲಿಯಬೇಕೆಂದು ಹೊರಟ ಹುಡುಗರು ಈಗಲೂ ಉದಗೀರಿನ ನನ್ನ ಮನೆಗೆ ಬರುತ್ತಾರೆ. ಕೈ ನಡುಗಲು ಶುರುವಾದ ಮೇಲೆ ನಾನು ಅಂಗಡಿ ಮುಚ್ಚಿಬಿಟ್ಟೆ. ವೈರ್ ಸುಲಿಯಲು ಹೋದರೆ ಬೆರಳು ಸುಲಿದುಕೊಳ್ಳುತ್ತಿದ್ದೆ. ಬಾಯಿಗೆ ಮಾತ್ರ ಇನ್ನೂ ನಡುಕ ಬಂದಿಲ್ಲ, ಹಾಗಾಗಿ ಕೂತು ಹೇಳುತ್ತೇನೆ. ಅವರು ಕೇಳುವುದೆಲ್ಲ ಮುಂದಿನ ದೀಪದ ವಿಷಯ. ಯಾವ ಬಲ್ಬ್ ಹಾಕಿದರೆ ಬೆಳಕು ದೂರ ಹೋಗುತ್ತದೆ, ಎಂಥ ಪಟ್ಟಿ ಹಾಕಿದರೆ ಗಾಡಿ ರುಬಾಬಿನಿಂದ ಕಾಣುತ್ತದೆ, ಇಂಥವೇ. ಹಿಂದಿನ ದೀಪದ ಬಗ್ಗೆ ಒಬ್ಬನೂ ಬಾಯಿ ಬಿಡುವುದಿಲ್ಲ.

ನನ್ನ ಇಡೀ ಕೆಲಸದ ಬಾಳಿನಲ್ಲಿ ಹಿಂದಿನ ದೀಪದ ಬಗ್ಗೆ ಮನಸ್ಸಿಟ್ಟು ಕೇಳಿದವರು ಒಬ್ಬರೇ. ಅವರು ಕೆಲಸ ಕಲಿಯಲು ಬಂದವರಲ್ಲ, ಗಾಡಿ ಓಡಿಸುವವರೂ ಅಲ್ಲ. ವಲಾಂಡಿಯ ಶಾಂತಮ್ಮನವರು. ಅವರ ಗಂಡ ಗುರುಪಾದಯ್ಯನವರ ಬೈಕು, ರಸ್ತೆ ಬದಿ ನಿಂತಿದ್ದ ಒಂದು ಟ್ರಾಕ್ಟರ್ ಟ್ರಾಲಿಗೆ ಹಿಂದಿನಿಂದ ಹೊಡೆದು ಅವರು ತೀರಿಹೋಗಿದ್ದರು. ನಾನು ಮಾತಾಡಿಸಲು ಹೋದಾಗ ಅಮ್ಮನವರು ಅಳಲಿಲ್ಲ, ನೀರು ಕೊಟ್ಟರು, ಕೂತರು, ಆಮೇಲೆ ಕೇಳಿದರು: "ಬಸಣ್ಣಾ, ನೀ ದೀಪದ ಮಿಸ್ತ್ರಿ. ಆ ಟ್ರಾಲಿ ಹಿಂದಿನ ದೀಪ ಹತ್ತಿತ್ತೇನು, ಇಲ್ಲೇನು? ಅಷ್ಟ ಹೇಳು ನನಗ."

ಆ ಒಂದು ಉತ್ತರದ ಮೇಲೆ ಟ್ರಾಕ್ಟರ್ ಓಡಿಸುತ್ತಿದ್ದ ಮಾರುತಿಯ ಬಾಳು ನಿಂತಿತ್ತು. ದೀಪ ಹಚ್ಚದೆ ಟ್ರಾಲಿ ನಿಲ್ಲಿಸಿ ಅಯ್ಯನವರನ್ನು ಕೊಂದವನು ಎಂದು ಊರೆಲ್ಲ ಅವನನ್ನು ಕರೆಯುತ್ತಿತ್ತು. ಆ ಉತ್ತರವನ್ನು ನಾನು ಹೇಗೆ ಹುಡುಕಿದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ದೀಪ ಅಂದರೆ ಏನೆಂದು ತಿಳಿಯದವರಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಮೊದಲಿನಿಂದ ಬರುತ್ತೇನೆ.

ನಾನು ಔರಾದ ಕಡೆಯವನು. ಕೆಲಸ ಕಲಿತದ್ದು ಉಮರ್ಗಾದಲ್ಲಿ, ಹೈವೇ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ಖಾಜಾ ಉಸ್ತಾದರು ನನ್ನ ಗುರು. ಸಿಟ್ಟಿನ ಮನುಷ್ಯ. ಕರೆಂಟ್ ಇದೆಯೋ ಎಂದು ನೋಡುವ ಟೆಸ್ಟ್ ಲ್ಯಾಂಪನ್ನು ಕುತ್ತಿಗೆಗೆ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಅವರು ಹೇಳಿಕೊಟ್ಟ ಮೊದಲ ಪಾಠ ಇದು: "ದೇಖ್ ರೇ, ಕರೆಂಟ್ ಬ್ಯಾಟರಿ ಸೇ ನಿಕಲ್ತಾ, ತೋ ಉಸ್ಕು ವಾಪಸ್ ಘರ್ ಬೀ ಜಾನಾ ಹೈ." ಹೊರಟ ಕರೆಂಟಿಗೆ ಮನೆಗೆ ಮರಳುವ ದಾರಿ ಇರಬೇಕು. ಮನೆಯಲ್ಲಿ ಹೋಗಲು ಒಂದು ವೈರು, ಬರಲು ಒಂದು ವೈರು ಇರುತ್ತದೆ. ಗಾಡಿಯಲ್ಲಿ ಬಲ್ಬಿಗೆ ಹೋಗುವುದು ಒಂದೇ ವೈರು. ಮರಳುವ ದಾರಿ ಎಂದರೆ ಗಾಡಿಯ ಕಬ್ಬಿಣದ ಮೈಯೇ. ಇದಕ್ಕೆ ಅರ್ಥಿಂಗ್ ಎನ್ನುತ್ತೇವೆ. ಬಂದ ಹತ್ತು ಕಂಪ್ಲೇಂಟುಗಳಲ್ಲಿ ಹೆಚ್ಚಿನವು ಈ ಮರಳುವ ದಾರಿಯವೇ, ಹೋಗುವ ದಾರಿಯವಲ್ಲ.

ಒಮ್ಮೆ ದಾಳಿಂಬದ ಒಬ್ಬ ರೈತ ಹೊಸದಾಗಿ ಬಣ್ಣ ಹೊಡೆಸಿದ ಟ್ರಾಲಿ ತಂದ. ಬಣ್ಣವೆಂದರೆ ಮದುವಣಗಿತ್ತಿಗೆ ಉಡಿಸಿದ ಹಾಗೆ. ಆದರೆ ಬ್ರೇಕ್ ಒತ್ತಿದರೆ ಬ್ರೇಕ್ ದೀಪ ಹತ್ತದೆ ಎರಡೂ ಕಡೆಯ ಇಂಡಿಕೇಟರ್ ಮಂದವಾಗಿ ಹತ್ತುತ್ತಿದ್ದವು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅವನು ಆಗಲೇ ನಿಂಬೆಹಣ್ಣು ಕಟ್ಟಿಸಿದ್ದ. ಉಸ್ತಾದರು ಚಾಕು ತೆಗೆದು, ದೀಪದ ಪಟ್ಟಿ ಕೂರುವ ಕಡೆ ಹೊಸ ಬಣ್ಣವನ್ನು ಕರಕರನೆ ಕೆರೆದರು. ಆ ರೈತ ತನ್ನ ಚರ್ಮ ಕೆರೆದ ಹಾಗೆ ಕೂಗಿಕೊಂಡ. ಬೋಲ್ಟ್ ಬಿಗಿದ ಕೂಡಲೇ ಎಲ್ಲ ದೀಪ ಸರಿಯಾದವು. ಬಣ್ಣ ಅಡ್ಡ ಬಂದು ಕರೆಂಟಿನ ದಾರಿ ಕಟ್ಟಿತ್ತು. ಮರಳಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮನೆ ಹೊಕ್ಕು ಹೊರಬರುತ್ತಿತ್ತು.

ಇನ್ನೊಂದು ನೆನಪು ನಿಲಂಗಾದ್ದು, ನಾನು ಸ್ವಂತ ಅಂಗಡಿ ಹಾಕಿದ ಹೊಸತರದ್ದು. ಹಿಂದಿನ ಕೆಂಪು ದೀಪದ ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ಸಣ್ಣದು ಸದಾ ಉರಿಯುವುದಕ್ಕೆ, 'ನಾನು ಇಲ್ಲಿದ್ದೇನೆ' ಎಂದು ಹೇಳುವುದಕ್ಕೆ. ದಪ್ಪದು ಬ್ರೇಕ್ ಒತ್ತಿದಾಗ ಝಗ್ಗನೆ ಹತ್ತಿ 'ನಾನು ನಿಲ್ಲುತ್ತಿದ್ದೇನೆ' ಎನ್ನುವುದಕ್ಕೆ. ಬಲ್ಬಿನ ತಳದ ಪಕ್ಕದಲ್ಲಿರುವ ಎರಡು ಗುಂಡುಮೊಳೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ತಿರುಗಮುರುಗ ಹಾಕಬಾರದೆಂದೇ ಹಾಗೆ ಮಾಡಿದ್ದಾರೆ. ಆದರೂ ಇಕ್ಕಳ ಹಿಡಿದು ಒತ್ತಿ ಕೂರಿಸುವ ಮಹಾಶಯರಿದ್ದಾರೆ. ಅಂಥವನೊಬ್ಬ ಒಂದು ಮದುವೆ ಜೀಪಿಗೆ ಬಲ್ಬ್ ಹಾಕಿದ್ದ. ಜೀಪು ಇಡೀ ದಾರಿ ಬ್ರೇಕ್ ಹಾಕಿದ ಹಾಗೆ ಕೆಂಪಗೆ ಉರಿಯುತ್ತಾ ಹೋಯಿತು. ಹಿಂದಿನ ದಿಬ್ಬಣದ ಗಾಡಿಗಳೆಲ್ಲ ಹೆದರಿ ಹೆದರಿ ನಿಲ್ಲುತ್ತಾ ಬಂದು, ಮದುಮಗ ಮಂಟಪಕ್ಕೆ ತಲುಪಿದ ಎಷ್ಟೋ ಹೊತ್ತಿನ ಮೇಲೆ ಅವನ ಅಪ್ಪ ಅಮ್ಮ ತಲುಪಿದರು. ಅಕ್ಕಿಕಾಳು ಹಾಕುವ ಮುಹೂರ್ತ ತಪ್ಪಿತೆಂದು ಎರಡೂ ಕಡೆಯವರು ಜಗಳಾಡಿದರಂತೆ.

ನಗುವಂಥ ಇಂಥ ಕಥೆ ಬೇಕಾದಷ್ಟಿವೆ. ಉದಗೀರಿನ ಚೌಕದಲ್ಲಿ ಈಗಲೂ ನೋಡಿ, ನೇರ ಹೋಗುವವರು ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕಿಸುತ್ತಾರೆ. ಅದು ಕೆಟ್ಟು ನಿಂತ ಗಾಡಿಯ ಗುರುತು. "ಎಡಕ್ಕೂ ಹೋಗಂಗಿಲ್ಲ, ಬಲಕ್ಕೂ ಹೋಗಂಗಿಲ್ಲ, ಅಂದ್ರ ಸೀದಾ," ಎಂದು ಅದಕ್ಕೆ ಅರ್ಥ ಬೇರೆ ಹೇಳುತ್ತಾರೆ. ಇಂಡಿಕೇಟರ್ ಟಿಕ್ ಟಿಕ್ ಶಬ್ದ ಎಂದಿಗಿಂತ ಜೋರಾಗಿ ಓಡಿದರೆ ಎಲ್ಲೋ ಒಂದು ಬಲ್ಬ್ ಸತ್ತಿದೆ ಎಂದು ಅರ್ಥ. ಅದನ್ನೂ ಹಾಡಿನ ತಾಳ ಎಂದುಕೊಂಡವರಿದ್ದಾರೆ. ಹೇಳುತ್ತಾ ಹೋದರೆ ನನಗೂ ಸಿಟ್ಟು ಬರುತ್ತದೆ, ಬಿಡಿ.

ಗಾಡಿಯ ಹೊರಗಿನ ದೀಪಗಳಲ್ಲಿ ಎರಡು ಜಾತಿ. ಒಂದು ನಾವು ನೋಡುವುದಕ್ಕೆ, ಇನ್ನೊಂದು ನಮ್ಮನ್ನು ಬೇರೆಯವರು ನೋಡುವುದಕ್ಕೆ. ಮುಂದೆ ಬಿಳಿ, ಹಿಂದೆ ಕೆಂಪು, ತಿರುಗುವ ಕಡೆ ಹಳದಿ. ಬಿಳಿ ಕಂಡರೆ ಗಾಡಿ ನಮ್ಮ ಕಡೆ ಬರುತ್ತಿದೆ, ಕೆಂಪು ಕಂಡರೆ ನಾವು ಅದರ ಬೆನ್ನ ಹಿಂದೆ ಇದ್ದೇವೆ. ಇಷ್ಟು ತಿಳಿಯಲು ಯಾವ ಶಾಲೆಯೂ ಬೇಡ. ಮುಂದಿನ ದೀಪ ಕೆಟ್ಟರೆ ಮಾಲೀಕನಿಗೆ ಅಂದೇ ಗೊತ್ತಾಗುತ್ತದೆ, ಓಡೋಡಿ ಬರುತ್ತಾನೆ. ಹಿಂದಿನದು ಕೆಟ್ಟರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಯಾಕೆಂದರೆ ಅದು ಅವನಿಗಾಗಿ ಇರುವ ದೀಪವಲ್ಲ, ಹಿಂದೆ ಬರುವ ಯಾರೋ ಗುರುತಿಲ್ಲದವನಿಗಾಗಿ ಇರುವ ದೀಪ. ಟ್ರಾಕ್ಟರಿನಿಂದ ಟ್ರಾಲಿಗೆ ದೀಪದ ಕರೆಂಟು ಹೋಗುವ ಪ್ಲಗ್ಗನ್ನು ಎಷ್ಟು ಜನ ಸಿಕ್ಕಿಸುವುದೇ ಇಲ್ಲ! ನೇತಾಡಿ ನೇತಾಡಿ ರಸ್ತೆಗೆ ಉಜ್ಜಿ ಸವೆದುಹೋದ ಪ್ಲಗ್ಗುಗಳನ್ನು ನಾನು ಬುಟ್ಟಿಗಟ್ಟಲೆ ಎಸೆದಿದ್ದೇನೆ. ಮಾರುತಿ ಮಾತ್ರ ಹಾಗಲ್ಲ. ವರ್ಷಕ್ಕೊಮ್ಮೆ ಟ್ರಾಲಿ ತಂದು ಹಿಂದಿನ ದೀಪ ನೋಡಿಸಿಕೊಂಡು ಹೋಗುತ್ತಿದ್ದವನು ಅವನೊಬ್ಬನೇ.

ನಿಲಂಗಾದಲ್ಲೇ ನನಗೆ ಜೋಶಿ ಸಾಹೇಬರ ಪರಿಚಯವಾದದ್ದು. ಅಪಘಾತವಾದ ಗಾಡಿಗಳನ್ನು ನೋಡಲು ಬರುತ್ತಿದ್ದ ವಿಮೆ ಸರ್ವೇಯರ್. ಕಡಿಮೆ ಮಾತು, ಕಿಸೆಯಲ್ಲಿ ಒಂದು ಭೂತಗನ್ನಡಿ. ಎಲ್ಲರೂ ನುಜ್ಜುಗುಜ್ಜಾದ ಬಾನೆಟ್ ನೋಡುತ್ತಿದ್ದರೆ ಅವರು ಒಡೆದ ಬಲ್ಬ್ ಹುಡುಕುತ್ತಿದ್ದರು. ನಾನು ಯಾಕೆಂದು ಕೇಳಿದೆ. ಪಕ್ಕದಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿಕೊಟ್ಟರು. ಆರಿದ್ದ ಬಲ್ಬಿನ ಗಾಜು ಒಡೆದರೆ ಒಳಗಿನ ತಂತಿ ಬೆಳ್ಳಿಯ ಹಾಗೆ ಹೊಳೆಯುತ್ತಾ ಹಾಗೇ ಉಳಿಯುತ್ತದೆ. ಉರಿಯುತ್ತಿದ್ದ ಬಲ್ಬಿನ ಗಾಜು ಒಡೆದರೆ ಕೆಂಡದಂಥ ತಂತಿಗೆ ಗಾಳಿ ತಾಗಿ ಅದು ಸುಟ್ಟು ಕಪ್ಪಾಗುತ್ತದೆ, ಸುತ್ತ ಹಳದಿ ಬಿಳಿ ಬೂದಿ ಕೂರುತ್ತದೆ. "ಮತ್ ಒಡೆದ ಮ್ಯಾಲೆ ಯಾರರ ಸ್ವಿಚ್ ಹಾಕಿದ್ರ? ಆಗೂ ಸುಡತದಲ್ರೀ ಸಾಹೇಬ್ರ?" ಎಂದೆ. ಅವರಿಗೆ ಖುಷಿಯಾಯಿತು. ಭೂತಗನ್ನಡಿ ನನ್ನ ಕೈಗೆ ಕೊಟ್ಟು ತೋರಿಸಿದರು: ಉರಿಯುವಾಗಲೇ ಒಡೆದರೆ ಗಾಜಿನ ಪುಡಿ ಬಿಸಿ ತಂತಿಯ ಮೇಲೆ ಬಿದ್ದು ಕರಗಿ, ಎಳ್ಳಿಗಿಂತ ಸಣ್ಣ ಮಣಿಗಳಾಗಿ ಅಂಟಿಕೊಂಡಿರುತ್ತದೆ. ಆಮೇಲೆ ಸ್ವಿಚ್ ಹಾಕಿದರೆ ಆ ಮಣಿಗಳು ಬರುವುದಿಲ್ಲ. "ಬಲ್ಬ್ ಖೋಟಂ ಬೋಲತ ನಾಹೀ, ಬಸಣ್ಣಾ," ಎಂದರು. ಬಲ್ಬು ಸುಳ್ಳು ಹೇಳುವುದಿಲ್ಲ. ವರ್ಗವಾಗಿ ಹೋಗುವಾಗ ಆ ಭೂತಗನ್ನಡಿಯನ್ನು ನನಗೇ ಕೊಟ್ಟು ಹೋದರು.

ಇನ್ನು ಗುರುಪಾದಯ್ಯನವರ ವಿಷಯ. ಹೇಗೆ ಶುರು ಮಾಡಲಿ ಎಂದು ತಿಳಿಯುವುದಿಲ್ಲ. ಅವರು ವಲಾಂಡಿಯ ಅಯ್ಯನವರು. ನಿಲಂಗಾದಿಂದ ದೇವಣಿಯವರೆಗೆ ಎಷ್ಟೋ ಮನೆಗಳಿಗೆ ಅವರದೇ ಗುರುತನ. ಕೂಸಿಗೆ ಲಿಂಗ ಕಟ್ಟುವುದು, ಮದುವೆ, ಮಣ್ಣು, ಎಲ್ಲಕ್ಕೂ ಅವರು ಬೇಕು. ಕಾಲ ಬದಲಾದ ಹಾಗೆ ಎತ್ತಿನ ಪೂಜೆ ಕಡಿಮೆಯಾಗಿ ಗಾಡಿ ಪೂಜೆ ಹೆಚ್ಚಾಯಿತು. ನಾನು ವೈರಿಂಗ್ ಮುಗಿಸಿದ ಹೊಸ ಗಾಡಿಗೆ ನನ್ನ ಅಂಗಡಿ ಮುಂದೆಯೇ ಅವರು ಕಾಯಿ ಒಡೆಯುತ್ತಿದ್ದರು. ಒಡೆಯಲಿ, ನನ್ನದೇನು ಹೋಗುತ್ತದೆ? ಆದರೆ ವಿಭೂತಿಯನ್ನು ನೀರಲ್ಲಿ ಕಲಸಿ ಎರಡೂ ಹೆಡ್‌ಲೈಟಿನ ಗಾಜಿನ ಮೇಲೆ ಮೂರು ಮೂರು ಪಟ್ಟೆ ಎಳೆಯುತ್ತಿದ್ದರು. ಬಲ್ಬಿನ ಕಾವಿಗೆ ಅದು ಒಣಗಿ ಸುಣ್ಣದ ಹಾಗೆ ಹಿಡಿದುಕೊಳ್ಳುತ್ತಿತ್ತು. ನಾನು ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಿ, ಗಾಡಿಗೆ ಭಾರ ಹೇರಿಸಿ, ಬೆಳಕು ಎದುರಿನವನ ಕಣ್ಣಿಗೆ ಹೊಡೆಯದ ಹಾಗೆ ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ್ದೆಲ್ಲ ನೀರಲ್ಲಿ ಹೋಮ.

"ಅಯ್ನೋರೆ, ನಿಮ್ಮ ಕಣ್ಣಾಗ ಯಾರರ ವಿಭೂತಿ ಹಚ್ಚಿದ್ರ ನಿಮಗ ದಾರಿ ಕಾಣತದೇನ್ರೀ?" ಎಂದು ಒಂದು ದಿನ ತಡೆಯಲಾರದೆ ಕೇಳಿದೆ.

"ಗಾಡಿಗಿ ಹಣಿ ಎಲ್ಲಿ ಅದಾ ತೋರ್ಸು, ಅಲ್ಲೇ ಹಚ್ತೀನಿ," ಎಂದರು.

"ಬಾನೆಟ್ಟಿಗಿ ಹಚ್ರಿ."

"ಅದು ಹೊಟ್ಟಿ ಅಲ್ಲೇನೊ? ಹೊಟ್ಟಿಗಿ ಯಾರರ ವಿಭೂತಿ ಹಚ್ತಾರೇನು?"

"ದಿನಾ ಮುಂಜಾನೆ ನೀವಽ ಹಚ್ಕೋತೀರಲ್ರೀ ಅಯ್ನೋರೆ!"

ಅವರು ತಮ್ಮ ಹೊಟ್ಟೆ ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಅಂದಿನಿಂದ ನಮ್ಮಿಬ್ಬರಿಗೂ ದೋಸ್ತಿ. ಆದರೆ ಪಟ್ಟೆ ಎಳೆಯುವುದು ಬಿಡಲಿಲ್ಲ. ಅವರು ಎಳೆಯುವುದು, ನಾನು ಬೈಯುತ್ತಾ ಒರೆಸುವುದು, ಹೀಗೇ ವರ್ಷಗಳು ಹೋದವು. ನಾನು ಅಂಗಡಿಯನ್ನು ಉದಗೀರಿಗೆ ತಂದ ಮೇಲೂ ಅವರು ತಮ್ಮ ಹಳೆಯ ಬೈಕಿನ ದೀಪ ತೋರಿಸುವ ನೆಪದಲ್ಲಿ ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಅವರ ಬೈಕಿನ ದೀಪ ಎಂದೂ ಕೆಟ್ಟಿರುತ್ತಿರಲಿಲ್ಲ.

ಉದಗೀರಿಗೆ ಬರುವ ಹೊತ್ತಿಗೆ ಕೆಲಸವೇ ಬದಲಾಗಿತ್ತು. ಮೊದಲು ಗಾಜು, ಕನ್ನಡಿ, ಬಲ್ಬ್ ಬೇರೆ ಬೇರೆ. ಆಮೇಲೆ ಹ್ಯಾಲೊಜನ್ ಬಂತು, ಅದಕ್ಕೆ ಬರಿ ಬೆರಳು ತಾಗಿಸಿದರೆ ಬೆರಳಿನ ಜಿಡ್ಡಿಗೆ ಅದರ ಗಾಜು ಸಿಡಿಯುತ್ತಿತ್ತು. ಈಗ ಎಲ್‌ಇಡಿ. ಕೆಟ್ಟರೆ ರಿಪೇರಿ ಇಲ್ಲ, ಡಬ್ಬಿಗೆ ಡಬ್ಬಿಯೇ ಬದಲು. ನಮ್ಮಂಥವರಿಗೆ ಅಲ್ಲಿ ಕೆಲಸವೇನೂ ಉಳಿದಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ಪಿಕಪ್ಪುಗಳ ನೆತ್ತಿಗೆ ಬಿಳಿ ಎಲ್‌ಇಡಿ ಪಟ್ಟಿ ಕಟ್ಟಿಕೊಂಡು ಓಡುತ್ತಾರಲ್ಲ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ಬೆಳಕು ಎದುರಿಗೆ ಹೊಡೆದು ಹೋದ ಮೇಲೆ ಒಂದಷ್ಟು ಹೊತ್ತು ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮುಂದೆ ಏನೋ ನಿಂತಿದೆ ಎಂದು ಹೇಳಬಲ್ಲದ್ದು ಒಂದು ಕೆಂಪು ದೀಪ ಮಾತ್ರ.

ಮಾರುತಿಯ ಮನೆಯೂ ವಲಾಂಡಿಯದೇ. ಅವನ ತಾಯಿ ಕಾಶೀಬಾಯಿ ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು, ಹೀಗಾಗಿ ಆ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಭಾಷೆ. ಗುರುಪಾದಯ್ಯನವರು ಆ ಮನೆಗೆ ಅಯ್ಯನವರು. ಮಾರುತಿಯ ಮನೆಯಲ್ಲಿ ದೇವಣಿ ತಳಿಯ ಒಂದು ಜೋಡಿ ಎತ್ತಿತ್ತು. ಅವುಗಳಿಗೆಂದು ಕಾಶೀಬಾಯಿ ಕಪ್ಪು ಮಖಮಲ್ಲಿನ ಮೇಲೆ ಹಳದಿ ದಾರದ ಹೂ ಹೆಣೆದು, ಅಂಚಿಗೆ ಕವಡೆ ಕಟ್ಟಿ ಜೂಲ ಹೊಲಿದಿದ್ದಳು. ಜೂಲ ಎಂದರೆ ಹಬ್ಬದ ದಿನ ಎತ್ತಿನ ಬೆನ್ನಿಗೆ ಹೊದಿಸುವ ವಸ್ತ್ರ. ಒಂದು ಎತ್ತು ಹೋಯಿತು, ಆಮೇಲೆ ಇನ್ನೊಂದೂ ಹೋಯಿತು. ಜೂಲವನ್ನು ಪೆಟ್ಟಿಗೆಯಲ್ಲಿಡಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಶ್ರಾವಣದ ಅಮಾವಾಸ್ಯೆಗೆ ಎತ್ತಿನ ಹಬ್ಬವಾದ ಪೋಳಾ ಬಂದಾಗ, ಎತ್ತಿನ ಬದಲು ಟ್ರಾಕ್ಟರನ್ನು ತೊಳೆದು, ಬಾನೆಟ್ಟಿಗೆ ಕೆಂಪು ಹುರಮಂಜಿನಿಂದ ಕೋಡು ಬರೆದು, ಅದರ ಮೇಲೆ ಜೂಲ ಹೊದಿಸಿ ಊರ ಗುಡಿ ಸುತ್ತಿಸುತ್ತಿದ್ದರು. ಈ ಕಡೆ ಈಗ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಜೂಲ ಹೊದಿಸುವುದು ಅಯ್ಯನವರ ಕೈಯಿಂದಲೇ ಆಗಬೇಕು.

ಒಂದು ಪೋಳಾದ ದಿನ ನಾನು ವಲಾಂಡಿಗೆ ಹೋದಾಗ ಅದನ್ನು ನೋಡಿದೆ. ಜೂಲ ಹೆಡ್‌ಲೈಟುಗಳ ಮೇಲೆ ಇಳಿಬಿದ್ದಿತ್ತು. "ಅಯ್ನೋರೆ, ಮೊದಲ ಕಣ್ಣಿಗಿ ವಿಭೂತಿ ಇತ್ತು. ಈಗ ಮಾರಿಗೇ ಮುಸುಕ ಹಾಕಿರಲ್ರೀ!" ಎಂದೆ. "ವರ್ಷಕ್ಕ ಒಂದ ದಿನ ಬಿಡೋ ಮಾರಾಯಾ, ಆಕಿ ಮನಸಿಗಿ ಸಮಾಧಾನ," ಎಂದು ಕಾಶೀಬಾಯಿಯ ಕಡೆ ಕಣ್ಣಿನಿಂದ ತೋರಿಸಿದರು. ನಾನೂ ಬಿಟ್ಟೆ. ಹೋಳಿಗೆ ಉಂಡು ಬಂದೆ.

ಮುಂದಿನ ಪೋಳಾಕ್ಕೆ ನಾನು ಹೋಗಲಿಲ್ಲ. ಆ ದಿನ ಗುಡಿ ಸುತ್ತಿದ ಮೇಲೆ ಮಾರುತಿ ಟ್ರಾಲಿಯಲ್ಲಿ ನೆಂಟರ ಹೆಂಗಸರು ಮಕ್ಕಳನ್ನು ದೇವಣಿಗೆ ಬಿಟ್ಟು ಖಾಲಿ ಟ್ರಾಲಿ ತರುತ್ತಿದ್ದ. ದೀಪ ಹಚ್ಚುವ ಹೊತ್ತು. ಇಂಜಿನ್ ಕಾದು ಹೊಗೆ ಬಂದಿತೆಂದು ರಸ್ತೆ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಡಬ್ಬಿ ಹಿಡಿದು ಹೊಲದ ಬಾವಿಗೆ ನೀರು ತರಲು ಇಳಿದ. ಅಯ್ಯನವರು ದೇವಣಿಯಲ್ಲಿ ಇನ್ನೆರಡು ಮನೆ ಪೂಜೆ ಮುಗಿಸಿ ಅದೇ ದಾರಿಯಲ್ಲಿ ಊರಿಗೆ ಮರಳುತ್ತಿದ್ದರು. ಎದುರಿನಿಂದ ಎಲ್‌ಇಡಿ ಪಟ್ಟಿಯ ಪಿಕಪ್ಪೊಂದು ಕಣ್ಣು ಕುಕ್ಕಿಸಿ ದಾಟಿ ಹೋಯಿತು ಎಂದು ಹೊಲದಲ್ಲಿದ್ದವರು ಹೇಳಿದರು. ಅದರ ಹಿಂದೆಯೇ ಶಬ್ದ ಕೇಳಿತು. ಓಡಿ ಬಂದವರು ಅಲ್ಲೇ ಕೆಳಗೆ ಬಿದ್ದಿದ್ದ ಜೂಲದಲ್ಲೇ ಅವರನ್ನು ಎತ್ತಿ ಜೀಪಿಗೆ ಹಾಕಿದರು. ಉದಗೀರು ತಲುಪುವ ಮೊದಲೇ ಪ್ರಾಣ ಹೋಗಿತ್ತು.

ಬಂದವರೆಲ್ಲ ಒಂದೇ ಮಾತು ಹೇಳಿದರು. ಟ್ರಾಲಿಯ ಹಿಂದೆ ದೀಪ ಇರಲಿಲ್ಲ. ಪೊಲೀಸರ ಕೆಲಸ ಪೊಲೀಸರು ಮಾಡಿದರು, ಅದು ಅದರ ದಾರಿ ಹಿಡಿಯಿತು. ಊರಿನ ಶಿಕ್ಷೆ ಬೇರೆಯೇ ಇತ್ತು. ಮಾರುತಿಗೆ ಆಗಷ್ಟೇ ಹೆಣ್ಣು ಕೂಸು ಹುಟ್ಟಿತ್ತು. ಅದಕ್ಕೆ ಲಿಂಗ ಕಟ್ಟಲು ಗುರುಮನೆಯಿಂದ ಯಾರಾದರೂ ಬರಬೇಕು. ಶಾಂತಮ್ಮನವರ ಮೈದುನ ಬರಲು ಸಿದ್ಧನಿದ್ದ. "ಆ ಮನಿ ಹೊಸ್ತಿಲ ತುಳಿದ್ರ ಈ ಮನಿಗಿ ಬರಬ್ಯಾಡ," ಎಂದರು ಅಮ್ಮನವರು. ಬೇರೆ ಅಯ್ಯನವರೂ ಹೋಗಲಿಲ್ಲ. ಅಮ್ಮನವರು ನನ್ನನ್ನು ದೀಪದ ಮಾತು ಕೇಳಿದ್ದೂ ಆ ದಿನಗಳಲ್ಲೇ.

ಟ್ರಾಲಿಯನ್ನು ಪೊಲೀಸರು ಬಿಟ್ಟುಕೊಟ್ಟ ಮೇಲೆ ಅದನ್ನು ಮುಟ್ಟಲು ಯಾವ ಮಿಸ್ತ್ರಿಯೂ ಒಪ್ಪಲಿಲ್ಲ. ಮಾರುತಿ ನನ್ನ ಅಂಗಡಿಗೆ ತಂದ. ಕೂದಲು ಕೆದರಿತ್ತು, ಕಣ್ಣು ಒಳಗೆ ಹೋಗಿದ್ದವು.

"ನಾ ಲೈಟ್ ಹಚ್ಚಿದ್ದೆ ಕಾಕಾ," ಎಂದ. "ದೇವ್ರಾಣಿ ಹಚ್ಚಿದ್ದೆ. ಯಾರೂ ನಂಬವಲ್ರು. ಎಲ್ಲಾರೂ ಇಲ್ಲ ಇಲ್ಲ ಅಂದು, ಈಗ ನನಗಽ ಸಂಶೆ ಬರ್ಲಕತ್ತದ. ಹಚ್ಚಿದ್ನೋ ಇಲ್ಲೋ?"

ನಾನು ಎದ್ದು ಟ್ರಾಲಿಯ ಹಿಂದೆ ಹೋದೆ. ಬಲಗಡೆಯ ದೀಪದ ಮೇಲೆಯೇ ಬೈಕು ಹೊಡೆದಿತ್ತು. ಎಡಗಡೆಯದು ಈ ಟ್ರಾಲಿಗೆ ಮೊದಲಿನಿಂದಲೂ ಇರಲಿಲ್ಲ, ಈ ಕಡೆಯ ಎಷ್ಟೋ ಟ್ರಾಲಿಗಳಿಗೆ ಇಲ್ಲದ ಹಾಗೆ. ಕೆಂಪು ಮುಚ್ಚಳ ಚೂರಾಗಿತ್ತು, ಬಲ್ಬಿನ ಗಾಜು ಇರಲಿಲ್ಲ, ತಳ ಮಾತ್ರ ಹೋಲ್ಡರಿನಲ್ಲಿ ಕೂತಿತ್ತು. ನಡುಗುವ ಕೈಯಲ್ಲಿ ಅದನ್ನು ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಬಾಗಿಲ ಬೆಳಕಿಗೆ ಬಂದು ಜೋಶಿ ಸಾಹೇಬರ ಭೂತಗನ್ನಡಿ ಹಿಡಿದೆ.

ದಪ್ಪ ತಂತಿ, ಬ್ರೇಕಿನದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಿಂತ ಟ್ರಾಲಿಯ ಬ್ರೇಕನ್ನು ಯಾರು ಒತ್ತುತ್ತಾರೆ? ಸಣ್ಣ ತಂತಿ ತುಂಡಾಗಿತ್ತು. ಉಳಿದ ತುಂಡು ಸುಟ್ಟು ಕಪ್ಪಾಗಿತ್ತು. ಬುಡದಲ್ಲಿ ಹಳದಿ ಬಿಳಿ ಬೂದಿ. ಬೂದಿ ಸಾಲದು, ಆಮೇಲೆ ಸ್ವಿಚ್ ಹಾಕಿದರೂ ಬೂದಿ ಬರುತ್ತದೆ. ತಿರುಗಿಸಿ ತಿರುಗಿಸಿ ನೋಡಿದೆ. ತಂತಿಯ ಮೇಲೆ ಗಾಜಿನ ಮಣಿಗಳಿದ್ದವು, ಹುಲ್ಲಿನೆಳೆಯ ಮೇಲಿನ ಇಬ್ಬನಿಯ ಹಾಗೆ, ಕರಗಿ ಅಂಟಿಕೊಂಡು.

"ಮಾರುತಿ, ದೀಪ ಹತ್ತಿತ್ತಪಾ," ಎಂದೆ. "ಬಡಿದಾಗ ಹತ್ತಿತ್ತು."

ಅವನು ಅಲ್ಲೇ ಟ್ರಾಲಿಯ ಗಾಲಿಗೆ ತಲೆ ಹಚ್ಚಿ ಕೂಸಿನಂತೆ ಅತ್ತ. ನಾನು ಅಳಲು ಬಿಟ್ಟೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಅವನೇ ಕೇಳಿದ: "ಮತ್ ಅಯ್ನೋರಿಗಿ ಯಾಕ ಕಾಣಲಿಲ್ಲ ಕಾಕಾ?"

ನಾನು ಟ್ರಾಲಿಯನ್ನು ಇನ್ನೊಮ್ಮೆ ಸುತ್ತಿ ನೋಡಿದೆ. ಹತ್ತಿದ್ದ ಕೆಂಪು ದೀಪ ಕಾಣದೆ ಹೇಗೆ ಹೋಗುತ್ತದೆ? ಟ್ರಾಲಿಯ ಒಳಗೆ ಒಂದು ಗಂಟು ಇತ್ತು. ಕಾಶೀಬಾಯಿ ಕೊಟ್ಟು ಕಳಿಸಿದ್ದಳಂತೆ. ಮನೆಯಲ್ಲಿಡಲಾರದೆ, ಎಸೆಯಲಾರದೆ, ಎಲ್ಲಾದರೂ ಹೊಳೆಗೆ ಬಿಟ್ಟು ಬಾ ಎಂದಿದ್ದಳು. ಜೂಲ. ತೊಳೆದಿದ್ದಳು, ಆದರೂ ಕಲೆ ಹೋಗಿರಲಿಲ್ಲ. ಬಿಚ್ಚಿ ನೋಡಿದೆ. ಒಂದು ಮೂಲೆಯಲ್ಲಿ ಮಖಮಲ್ಲು ಮುಷ್ಟಿಯಗಲ ಹರಿದಿತ್ತು. ಹರಿದ ಕಡೆ ಸುತ್ತ, ಹಳದಿ ಹೂವಿನ ಹೆಣಿಗೆಯ ಒಳಗೆ, ಕೆಂಪು ಪ್ಲಾಸ್ಟಿಕ್ಕಿನ ಚೂರುಗಳು ಮುಳ್ಳಿನ ಹಾಗೆ ಚುಚ್ಚಿಕೊಂಡಿದ್ದವು. ಅವು ದೀಪದ ಮುಚ್ಚಳದ ಚೂರುಗಳು. ನನಗೆ ಎಲ್ಲ ತಿಳಿಯಿತು. ಬೈಕು ಹೊಡೆದಾಗ ಜೂಲ ದೀಪದ ಮೇಲಿತ್ತು. ದೀಪ ಒಳಗೆ ಉರಿಯುತ್ತಿತ್ತು, ಕಪ್ಪು ಮಖಮಲ್ಲು ಹೊರಗೆ ಮುಚ್ಚಿತ್ತು.

"ಈ ಜೂಲ ಬಾನೆಟ್ ಮ್ಯಾಲೆ ಇರತಿತ್ತಲ್ಲೊ. ಹಿಂದ ಹ್ಯಾಂಗ ಬಂತು?"

"ಈ ಸಲ ಅಯ್ನೋರಽ ಟ್ರಾಲಿ ಹಿಂದಿನ ಬಾಗಿಲ ಫಳಿಗಿ ಕಟ್ಟಿದ್ರು. ಮ್ಯಾಲೆ ಕಟ್ಟಿದ್ರು ಕಾಕಾ, ದೀಪ ಕಾಣತಿತ್ತು. ದಾರ್ಯಾಗ ಗಂಟ ಸಡ್ಲಾಗಿ ಕೆಳಗ ಜಾರಿರಬೇಕು. ನಾ ಹಿಂದ ಹೋಗಿ ನೋಡಲಿಲ್ಲ."

ಯಾಕೆ ಹಿಂದೆ ಕಟ್ಟಿದರು ಎಂದು ಅವನಿಗೂ ಗೊತ್ತಿರಲಿಲ್ಲ.

ಆ ದಿನವೇ ಟ್ರಾಲಿಗೆ ಹೊಸ ಮುಚ್ಚಳ, ಹೊಸ ಬಲ್ಬ್ ಹಾಕಿದೆ. ಅದು ನಾನು ಮಾಡಿದ ಕೊನೆಯ ಕೆಲಸ. ಮಾರುತಿಯ ಟ್ರಾಕ್ಟರಿನಲ್ಲೇ ಕೂತು ವಲಾಂಡಿಗೆ ಹೋದೆ. ಶಾಂತಮ್ಮನವರ ಮನೆ ಮುಂದೆ ನಿಲ್ಲಿಸಿದಾಗ ಹೊತ್ತು ಮುಳುಗುತ್ತಿತ್ತು. ಮಾರುತಿ ಇಳಿಯಲಿಲ್ಲ, ಸೀಟಿನಲ್ಲೇ ತಲೆ ತಗ್ಗಿಸಿ ಕೂತ. ನಾನು ಒಳಗೆ ಹೋಗಿ ಅಮ್ಮನವರ ಮುಂದೆ ಆ ಬಲ್ಬಿನ ತಳವನ್ನು ಇಟ್ಟೆ.

"ಹತ್ತಿತ್ತ್ರೀ ಅಮ್ಮಾರ," ಎಂದೆ. ಬೂದಿ, ಮಣಿ ಎಲ್ಲ ವಿವರಿಸಿದೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಕಂಡಿತೋ ಇಲ್ಲವೋ, ತಲೆಯಾಡಿಸಿದರು.

"ನೀ ಸುಳ್ಳ ಹೇಳಾವ ಅಲ್ಲ," ಎಂದರು. "ಮತ್ ಅವರಿಗಿ ಯಾಕ ಕಾಣಲಿಲ್ಲ?"

ಗಂಡ ತನ್ನ ಕೈಯಿಂದಲೇ ಕಟ್ಟಿದ್ದು ಎಂದು ಹೆಂಡತಿಗೆ ಹೇಗೆ ಹೇಳುವುದು? ಸುಮ್ಮನೆ ಹೆಗಲ ಮೇಲಿದ್ದ ಗಂಟನ್ನು ಬಿಚ್ಚಿ ಜೂಲದ ಹರಿದ ಮೂಲೆಯನ್ನು ಮುಂದೆ ಹಿಡಿದೆ. ಅವರು ಬೆರಳಿನಿಂದ ಕೆಂಪು ಚೂರುಗಳನ್ನು ಒಂದೊಂದಾಗಿ ಮುಟ್ಟಿದರು.

"ಅವತ್ತ ಮಧ್ಯಾನ ಊಟಕ್ಕ ಬಂದಾಗ ನಕ್ಕೋತ ಹೇಳಿದ್ರು ಬಸಣ್ಣಾ," ಎಂದರು ಕೊನೆಗೆ. "ಹೋದ ವರ್ಷ ಬಸಣ್ಣ ಬೈದ, ಮಾರಿಗಿ ಮುಸುಕ ಹಾಕೀರಿ ಅಂದ. ಈ ಸಲ ಮುಂದ ಹಾಕೇ ಇಲ್ಲ, ಹಿಂದ ಕಟ್ಟಿ ಬಂದೀನಿ. ಇನ್ನ ಅಂವಾ ಏನ್ ಅಂತಾನೋ ನೋಡೂಣು, ಅಂದ್ರು."

ನಾನು ಗೋಡೆ ಹಿಡಿದು ಕೂತೆ. ನನ್ನ ಮಾತಿಗೆ ಮರ್ಯಾದೆ ಕೊಟ್ಟು ಆ ಮನುಷ್ಯ ಜೂಲವನ್ನು ಮುಂದಿನಿಂದ ಹಿಂದಕ್ಕೆ ಕಟ್ಟಿದ್ದರು. ಅಷ್ಟು ವರ್ಷ ನಾವಿಬ್ಬರೂ ಜಗಳಾಡಿದ್ದೆಲ್ಲ ಮುಂದಿನ ದೀಪಕ್ಕಾಗಿ. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮನವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಸಮಾಧಾನ ಹೇಳಬೇಕಾದವನು ನಾನು, ಹೇಳಿದವರು ಅವರು.

"ನಿಂದೂ ತಪ್ಪಲ್ಲ, ಆ ಹುಡುಗಂದೂ ತಪ್ಪಲ್ಲ. ಏಳು," ಎಂದು ಎದ್ದು ಬಾಗಿಲಿಗೆ ಹೋದರು. "ಮಾರುತಿ! ನಾಳೆ ಕೂಸಿನ ಕರ್ಕೊಂಡ್ ಬಾ. ನಮ್ಮ ಮೈದುನ ಲಿಂಗ ಕಟ್ತಾನ."

ಮಾರುತಿ ಸೀಟಿನಿಂದ ಕೆಳಗಿಳಿಯಲು ಹೋದ. ಅವರು ಕೈ ಎತ್ತಿ ತಡೆದರು.

"ಇಳಿಬ್ಯಾಡ. ಮೊದಲ ಆ ದೀಪ ಹಚ್ಚು."

ಸೆರಗು ಹೊದ್ದುಕೊಂಡು ಟ್ರಾಲಿಯ ಹಿಂದೆ ನಡೆದರು. ನಾನೂ ಹಿಂದೆ ಹೋದೆ. ಅಂಗಳದಲ್ಲಿ ಕತ್ತಲು ಕೂಡುತ್ತಿತ್ತು. ಮಾರುತಿ ಸ್ವಿಚ್ ಹಾಕಿದ. ಹೊಸ ಮುಚ್ಚಳದೊಳಗೆ ದೀಪ ಹತ್ತಿ, ಅಮ್ಮನವರ ಮುಖ, ಸೆರಗು, ಹಿಂದಿನ ಗೋಡೆ ಎಲ್ಲ ಕೆಂಪಗೆ ಕಂಡವು. ಅವರು ಕಣ್ಣು ಕದಲಿಸದೆ ನೋಡುತ್ತಾ ನಿಂತರು.

"ಇಷ್ಟ ಕೆಂಪ ಇರತದೇನು ಇದು?" ಎಂದರು. ಆಮೇಲೆ ಮೆಲ್ಲಗೆ, "ಇದು ಕಂಡಿದ್ರ ನಿಂದರತಿದ್ರು ಅವರು," ಎಂದರು.

ಸ್ವಿಚ್ಚಿನ ಮೇಲೆ ಮಾರುತಿಯ ಕೈ ಹಾಗೇ ಇತ್ತು. ಆರಿಸು ಎಂದು ಅವನಿಗೆ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.